ಮೊಮ್ಮಗಳ ಚಿಪ್‌ಗೆ ನನ್ನ ರಾಳ

ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೆ ಹಂಗಾರಕಟ್ಟೆಯಲ್ಲಿ ನಾನು ಕಟ್ಟಿದ ದೋಣಿ ಒಂದೂ ಸೋರಿದ್ದಿಲ್ಲ. ಹೀಗಿರುವಾಗ ಅಂಗೈಯಗಲದ ಒಂದು ಡಬ್ಬಿ ಕಾಯುವುದು ಯಾವ ಮಹಾ ಕೆಲಸ!

ಡಬ್ಬಿ ಮೊಮ್ಮಗಳು ಶ್ವೇತಾಳದು. ಇಂಜಿನಿಯರಿಂಗ್ ಕೊನೇ ವರ್ಷದ ಪರೀಕ್ಷೆಗೆಂದು ಅವಳೇ ಮಾಡಿದ್ದು. ನಮ್ಮ ವಂಶದಲ್ಲಿ ಇಂಥದ್ದು ಮಾಡಿದವರು ಇನ್ನೊಬ್ಬರಿದ್ದರೆ ತೋರಿಸಿ!

"ಅಜ್ಜಯ್ಯ, ಮುಂದ್ ಕ್ವಾಂಟಮ್ ಕಂಪ್ಯೂಟರ್ ಬತ್ತ್. ಈಗಿನ ಬೀಗ ಎಲ್ಲ ಮುರ್ದ್ ಹಾಕತ್ತ್. ಕಳ್ಳರ್ ಇವತ್ತೇ ಕದ್ದಿಟ್ಕಂಡ್ ಆಗ ಬಿಚ್ಚಿ ಓದತ್ರ್. ಅದ್ಕೂ ಜಗ್ಗದ್ ಬೀಗ ಈ ಡಬ್ಬಿ ಚಿಪ್ಪಿನೊಳ್ಗ್ ಇತ್ತ್. ಐವತ್ತ್ ವರ್ಷ ಆರೂ ಗುಟ್ಟ್ ಗುಟ್ಟಾಗೇ ಉಳಿಕ್. ಇನ್ನೊಂದ್ ವಿಷ್ಯ ಅಂದ್ರೆ..."

"ಗೊತ್ತಾಯ್ತ್ ಮಗಾ, ಗೊತ್ತಾಯ್ತ್!"

ಐವತ್ತು ವರ್ಷದ ಭದ್ರತೆಯ ಬಗ್ಗೆ ನನಗೇ ಪಾಠವೇ? ಅವಳು ಬ್ರಹ್ಮಾವರಕ್ಕೆ ಝೆರಾಕ್ಸ್ ಮಾಡಿಸಲು ಹೋದದ್ದೇ ತಡ, ಹಲಸಿನ ಮರದ ಪೆಟ್ಟಿಗೆ ಮಾಡಿ ಡಬ್ಬಿಯನ್ನು ಒಳಗೆ ಮಲಗಿಸಿದೆ. ದೋಣಿಗೆ ಮಾಡುವ ಹಾಗೇ ಸಂದಿಗೆಲ್ಲ ಹತ್ತಿ ತುರುಕಿ, ಕುದಿಯುವ ರಾಳ ಹೊಯ್ದೆ. ಇನ್ನು ಸಮುದ್ರವೇ ಬರಲಿ!

ಹೆಂಡತಿ ಗುಲಾಬಿ ಇಣುಕಿದಳು. "ಹ್ವಾಯ್, ಹೆಣ್ಣ್ ಅದ್ನ್ ಕಾಲೇಜಿಗ್ ತಕಂಡ್ ಹೋಪ್ದಾ, ಹೊಳೆಗ್ ಬಿಡೂದಾ?"

"ನಿಂಗೆಂತ ಗೊತ್ತ್ ಕ್ವಾಂಟಮ್!"

ಶ್ವೇತಾ ಬಂದವಳೇ ತಲೆಗೆ ಕೈಯಿಟ್ಟಳು. "ನಾಳೆ ಬೆಳಿಗ್ಗೆ ಇದ್ನೇ ತೋರ್ಸೂಕಿತ್ತ್, ಅಜ್ಜಯ್ಯಾ!"

ಉಳಿ ಹಿಡಿದೆ. ಮೂಲೆಯೂ ಅಲುಗಲಿಲ್ಲ. ಹೇಗೆ ಅಲುಗೀತು, ಕೆಲಸ ಯಾರದ್ದು! ಬೆವರುತ್ತಲೇ ಹೆಮ್ಮೆಪಟ್ಟೆ. ಅಷ್ಟರಲ್ಲಿ ಗುಲಾಬಿ ಕಾಯಿ ಒಡೆಯುವ ಕತ್ತಿ ತಂದು ಒಂದೇ ಏಟು ಹಾಕಿದಳು. ನನ್ನ ಐವತ್ತು ವರ್ಷ ಎರಡು ಹೋಳು!

ಡಬ್ಬಿಗೆ ಏನೂ ಆಗಿರಲಿಲ್ಲ. ಲ್ಯಾಪ್‌ಟಾಪಿಗೆ ಜೋಡಿಸಿದ ಶ್ವೇತಾ ನೆಲದ ಮೇಲೇ ಕುಳಿತುಬಿಟ್ಟಳು.

"ಒಳಗಿದ್ದ್ ಬೀಗದ್ ಕೈಯೇ ಅಳ್ದ್ ಹೋಯ್ತ್! ಬಿಸಿ ತಾಗಿರೆ ಕಳ್ಳ ಬಂದ ಅಂದ್ಕಂಡ್ ಅದೇ ಅಳ್ಸಿ ಹಾಕತ್ತ್. ನಾನ್ ಹೇಳೂಕ್ ಹೊರ್ಟದ್ದ್ ಅದನ್ನೇ!"

"ಎಂತ? ನನ್ ಮನೆಯಲ್ಲೇ ಕೂಕಂಡ್ ನನ್ನೇ ಕಳ್ಳ ಅಂತಾ?"

ಗುಲಾಬಿ ನಕ್ಕು ನಕ್ಕು ಗೋಡೆ ಹಿಡಿದುಕೊಂಡಳು. ಶ್ವೇತಾ ಮಾತ್ರ ಊಟ ಬಿಟ್ಟು ಕುಳಿತು ಹೊಸ ಬೀಗದ ಕೈ ತುಂಬಿಸಿದಳು. ನಾನು ಫ್ಯಾನು ಅವಳ ಕಡೆಗೆ ತಿರುಗಿಸಿದೆ. ಅದಕ್ಕಿಂತ ಹೆಚ್ಚಿನ ಸಹಾಯ ಮಾಡಲು ಅವಳೇ ಬಿಡಲಿಲ್ಲ!

ಮರುದಿನ ಪರೀಕ್ಷಕರು, "ಕಳ್ಳ ಬಂದರೆ ಇದಕ್ಕೆ ನಿಜವಾಗಿ ತಿಳಿಯುತ್ತದೆಯೇ?" ಎಂದು ಕೇಳಿದರಂತೆ. ಇವಳು ರಾಳ ಮೆತ್ತಿದ ಡಬ್ಬಿ ತೋರಿಸಿ ನಡೆದದ್ದನ್ನೆಲ್ಲ ಹೇಳಿದಳಂತೆ. ಕಾಲೇಜಿಗೇ ಮೊದಲ ನಂಬರು!

ಹಾಗಾದರೆ ಗೆಲ್ಲಿಸಿದ್ದು ಯಾರು? ರಾಳ ಹೊಯ್ದದ್ದು ತಪ್ಪೆಂದು ನಾನು ಇವತ್ತಿಗೂ ಒಪ್ಪಿಲ್ಲ, ಒಪ್ಪುವುದೂ ಇಲ್ಲ. ಬಸ್ಸಿನಲ್ಲಿ ಪಕ್ಕ ಕುಳಿತವರಿಗೆಲ್ಲ ಮೊಮ್ಮಗಳು ಮಾಡಿದ, ಕಳ್ಳರನ್ನು ಹಿಡಿಯುವ ಚಿಪ್ಪಿನ ಕಥೆ ಹೇಳುತ್ತೇನೆ. ಮೊನ್ನೆ ಒಬ್ಬರು, "ಇಷ್ಟರೊಳ್ಗ್ ಯಾರಾರೂ ಸಿಕ್ಕಿಬಿದ್ದಿದ್ರಾ?" ಎಂದರು.

ಎದೆಯುಬ್ಬಿಸಿ ಹೇಳಿದೆ. "ಸಿಕ್ಕದೇ ಎಂತ? ಮೊದ್ಲನೆಯವ ನಾನೇ!"