ಮಗ್ಗಕ್ಕೂ ಮುಯ್ಯಾಳು

ಸರ್ಕಾರದ ಇಡೀ ಒಂದು ಯೋಜನೆಯನ್ನು ನಮ್ಮ ಸೋದರತ್ತೆ ಒಬ್ಬರೇ ಬುಡಮೇಲು ಮಾಡಿದರು ಎಂದರೆ ನೀವು ನಂಬಲಿಕ್ಕಿಲ್ಲ. ಬುಡಮೇಲು ಮಾಡಿದರೋ, ಉಳಿಸಿದರೋ ಎಂಬುದು ಬೇರೆ ಪ್ರಶ್ನೆ. ಕಾಲೇಜಿನ ಚರ್ಚಾಕೂಟದಲ್ಲಿ ಎರಡೂ ಪಕ್ಷ ಹಿಡಿದು ಮಾತಾಡಿದ ನನಗೆ ಯಾವುದಾದರೂ ಸರಿ.

ಅದು ಯುದ್ಧದ ಕಾಲ, ಬಟ್ಟೆಗೆ ಬರ. ಹಳ್ಳಿಯ ಹುಡುಗರಿಗೆ ನೇಯ್ಗೆ ಕಲಿಸಬೇಕೆಂದು ಸರ್ಕಾರ ಯೋಚಿಸಿತು. ಒಪ್ಪಿದೆ. ಮಳೆಗಾಲದಲ್ಲಿ ಮಲೆನಾಡಿನವರು ಕೆಲಸವಿಲ್ಲದೆ ಒಳಗೆ ಕೂತಿರುತ್ತಾರೆ, ಆಗಲೇ ಕಲಿಸೋಣ ಎಂದೂ ಯೋಚಿಸಿತು. ಹೀಗೆ ಯೋಚಿಸಿದ ಮಹಾನುಭಾವರು ಯಾವ ಬಯಲುಸೀಮೆಯ ಜಗಲಿಯಲ್ಲಿ ಕೂತಿದ್ದರೋ! ನರಸಿಂಹರಾಜಪುರದಿಂದ ಗಾಡಿಯ ಮೇಲೆ ಮಗ್ಗಗಳು ನಮ್ಮ ಕಡಹಿನಬೈಲಿಗೆ ಬಂದಿಳಿದದ್ದೂ ಗದ್ದೆ ನಟ್ಟಿ ಶುರುವಾದದ್ದೂ ಒಂದೇ ವಾರ. ಹೆಸರು ಬರೆಸಿದ್ದ ಹುಡುಗರೆಲ್ಲ ಕೆಸರಿಗಿಳಿದರು. ನೇಯ್ಗೆ ಕಲಿಸಲು ಬಂದ ಮೇಷ್ಟ್ರು ಖಾಲಿ ಮಗ್ಗಗಳ ಮುಂದೆ ಒಬ್ಬರೇ ಉಳಿದರು.

ಮದುವೆಯಾದ ಮರುವರ್ಷವೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದ ಅತ್ತೆಗೆ ಇದೊಂದು ತೊಡಕಾಗಿಯೇ ಕಾಣಲಿಲ್ಲ. ಇವತ್ತು ನಿಮ್ಮ ಗದ್ದೆಗೆ ನಾನು ಬಂದರೆ ನಾಳೆ ನನ್ನ ಗದ್ದೆಗೆ ನೀವು. ನಿಮಗೆ ಆಗದಿದ್ದರೆ ನಿಮ್ಮ ಬದಲಿಗೆ ಇನ್ನೊಬ್ಬರು. ನಮ್ಮಲ್ಲಿ ಇದಕ್ಕೆ ಮುಯ್ಯಾಳು ಎನ್ನುತ್ತಾರೆ. ಗದ್ದೆಗೆ ನಡೆಯುವುದು ಮಗ್ಗಕ್ಕೇಕೆ ನಡೆಯಬಾರದು? ವಿಭೂತಿ ಹಚ್ಚಿಕೊಂಡು ಅತ್ತೆ ಪಕ್ಕದ ಮನೆಯ ಹುಡುಗನ ಬದಲಿಗೆ ಹೋಗಿ ಕೂತರು. ಇನ್ನೊಬ್ಬನ ಬದಲಿಗೆ ಅವನ ಅಜ್ಜನನ್ನೂ, ಮತ್ತೊಬ್ಬನ ಬದಲಿಗೆ ಬಾಣಂತನಕ್ಕೆ ಬಂದಿದ್ದ ಅವನ ಅಕ್ಕನನ್ನೂ ಹೊರಡಿಸಿದರು. ಮಗು ಮಗ್ಗದ ಕೆಳಗೆ ಮಲಗಿತು.

ಪರೀಕ್ಷೆ ಮುಗಿಸಿ ಮನೆಯಲ್ಲಿದ್ದ ನಾನು ಸುಮ್ಮನಿರುವವನೇ?

"ಅತ್ತೆ, ದುಡಿಯೋದಕ್ಕೆ ಬದಲಿ ಸರಿ. ಕಲಿಯೋದಕ್ಕೆ ಬದಲಿ ಎಲ್ಲಾದರೂ ಇದೆಯಾ? ನೀವು ಉಂಡರೆ ನನ್ನ ಹೊಟ್ಟೆ ತುಂಬುತ್ತಾ?"

"ನಿನ್ನಮ್ಮ ಬಸುರಿ ಇದ್ದಾಗ ಉಂಡಿದ್ದು ಯಾರಿಗೆ ಹತ್ತಿತು ಮಾರಾಯ?"

ಚರ್ಚಾಕೂಟದಲ್ಲಿ ಇದಕ್ಕೆ ಉತ್ತರ ಕಲಿಸಿರಲಿಲ್ಲ.

ಮೇಷ್ಟ್ರ ಗತಿಯೂ ಇದೇ. "ಅಮ್ಮಾ, ಲಾಳಿ ಬರೀ ಬಲಗೈಯಲ್ಲಿ ಓಡಿದರೆ ಸಾಲದು, ಎಡಗೈಯೂ ಪಳಗಬೇಕು" ಎಂದರೆ, "ಎಡಗೈದು ಆ ಹುಡುಗ ಬಂದು ಕಲೀಲಿ ಬಿಡಿ. ಎಲ್ಲಾ ನಾನೇ ಕಲಿತರೆ ಅವನಿಗೆ ಎಂಥ ಉಳೀತು?" ಎಂದರಂತೆ.

ಆದರೆ ಬರಬರುತ್ತಾ ಎಡಗೈಯೂ ಪಳಗಿತು. ಊರೆಲ್ಲ ನಟ್ಟಿ ಬೇಗ ಮುಗಿಯಲಿ ಎನ್ನುತ್ತಿದ್ದರೆ ಅತ್ತೆ ದಿನಾ ಬೆಳಿಗ್ಗೆ ಬೇಲಿಯಾಚೆ ಕೂಗಿ, "ಇನ್ನೆಷ್ಟು ಗದ್ದೆ ಉಳಿದಿದೆ?" ಎಂದು ಕೇಳುತ್ತಿದ್ದರು. "ಇನ್ನೂ ತುಂಬಾ ಇದೆ ಅಕ್ಕಾ" ಎಂದರೆ ಅವತ್ತು ನನ್ನ ರೊಟ್ಟಿಗೆ ಬೆಣ್ಣೆ ಹೆಚ್ಚು. "ಆಯ್ತು ಅಂತಲೇ ಲೆಕ್ಕ" ಎಂದ ದಿನ ಬೆಣ್ಣೆಯ ಸುದ್ದಿಯೇ ಇಲ್ಲ.

ನಟ್ಟಿ ಮುಗಿಯಿತು. ಹುಡುಗರು ಮರಳಿದರು. ಅಜ್ಜ ಸೊಂಟ ಹಿಡಿದುಕೊಂಡು ಎದ್ದ. ಬಾಣಂತಿ ಮಗುವನ್ನೆತ್ತಿಕೊಂಡು ಹೋದಳು. ಅತ್ತೆ ಮಾತ್ರ ಏಳಲಿಲ್ಲ. ಅವರು ಕೂತಿದ್ದ ಮಗ್ಗದ ಹುಡುಗ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ. ತಪಾಸಣೆಯ ಸಾಹೇಬರು ಬಂದದ್ದು ಸರಿಯಾಗಿ ಆಗಲೇ.

"ಇವರು ಯಾರು?"

"ಬದಲಿಗೆ ಬಂದವರು ಸ್ವಾಮಿ" ಎಂದರು ಮೇಷ್ಟ್ರು, ನೆಲ ನೋಡುತ್ತಾ.

"ಯಾರ ಬದಲಿಗಮ್ಮಾ?"

ಅತ್ತೆಯ ಪರವಾಗಿ ವಾದಿಸಲು ನಾನು ಬಾಗಿಲಲ್ಲಿ ಗಂಟಲು ಸರಿಮಾಡಿಕೊಂಡೆ. ನಮ್ಮಮ್ಮ ಹಾಸಿಗೆ ಹಿಡಿದಾಗ ಅವಳ ಬದಲಿಗೆ ಅಡುಗೆಗೆ ನಿಂತವರು, ಅಜ್ಜಿ ಹೋದಮೇಲೆ ಅಜ್ಜಿಯ ಬದಲಿಗೆ ನಮ್ಮನ್ನೆಲ್ಲ ಮಲಗಿಸಿದವರು, ನೆಂಟರ ಮನೆಯ ಹೆರಿಗೆಗೆಲ್ಲ ಯಾರ ಯಾರದೋ ಬದಲಿಗೆ ಹೋದವರು ಅತ್ತೆ. ಅವರು ಲಾಳಿಯನ್ನು ಮಡಿಲಿಗೆ ಒತ್ತಿ ಹಿಡಿದರು.

"ಯಾರ ಬದಲಿಗೂ ಅಲ್ಲ ಸ್ವಾಮಿ. ನಾನೇ ಬಂದಿದೀನಿ."

ಸಾಹೇಬರು ಅವರು ನೇಯ್ದ ಬಟ್ಟೆಯನ್ನು ಬೆರಳಿನಿಂದ ಸವರಿದರು. "ಇನ್ನೊಂದು ಮಗ್ಗ ಇದೆಯೇ ಮೇಷ್ಟ್ರೇ?"

"ಮೂಲೆಯಲ್ಲಿದೆ. ಕಾಲು ಮುರಿದಿದೆ."

"ರಿಪೇರಿ ಮಾಡಿಸಿ. ಇವರನ್ನೂ ಸೇರಿಸಿಕೊಳ್ಳಿ. ಹೆಸರೇನಮ್ಮಾ?"

ಊರಿಗೆಲ್ಲ ಅಕ್ಕ, ನಮಗೆಲ್ಲ ಅತ್ತೆ. ಹೆಸರು ಕೇಳಿದವರು ಯಾರಿದ್ದರು? ಅವರು ಹೇಳಿದ್ದು ಮೊದಲ ಸಲ ಯಾರಿಗೂ ಕೇಳಿಸಲಿಲ್ಲ. ಸೆರಗು ಸರಿಮಾಡಿಕೊಂಡು, ಎರಡನೆಯ ಸಲ ಸ್ವಲ್ಪ ಗಟ್ಟಿಯಾಗಿ ಹೇಳಿದರು.