ಶಟರ್ ತೆರೆದವರ ಹೆಸರು

ಈ ಎಲ್ಲ ರಾದ್ಧಾಂತಕ್ಕೆ ಮೂಲ ಒಂದು ಪಾರಿವಾಳ. ಅದೂ ಮಸುಕಾದ ಪಾರಿವಾಳ. ಭಾವಮೈದ ತನ್ನ ಫೋನಿನಲ್ಲಿ ಹಿಡಿದ ಆ ಹಕ್ಕಿ ಒಂದು ಪತ್ರಿಕೆಯ ಓದುಗರ ಪುಟದಲ್ಲಿ ಅವನ ಹೆಸರಿನ ಸಮೇತ ಅಚ್ಚಾಗಿಬಿಟ್ಟಿತು. ಅಕ್ಕನಾದವಳು ಸುಮ್ಮನಿರುತ್ತಾಳೆಯೇ? ಕತ್ತರಿಸಿ, ಕಟ್ಟು ಹಾಕಿಸಿ, ಮನೆಯ ಹಜಾರದ ಮೊಳೆಗೆ ನೇತುಹಾಕಿದಳು. ಹಜಾರದಲ್ಲಿ ಇದ್ದದ್ದೇ ಅದೊಂದು ಮೊಳೆ. ಆ ಕಾಂಕ್ರೀಟು ಗೋಡೆಗೆ ಇನ್ನೊಂದು ಹೊಡೆಯಲು ಹೋದವರೆಲ್ಲ ಮೊಳೆ ಬಗ್ಗಿಸಿ, ಹೆಬ್ಬೆರಳು ಜಜ್ಜಿಕೊಂಡು ವಾಪಸಾಗಿದ್ದರು.

ಮನೆಯ ಯಜಮಾನನೋ, ಊರಿಗೆಲ್ಲ ಫೋಟೋ ತೆಗೆಯುವವನು. ಬೀದಿಯ ಮೂಲೆಯ ಸ್ಟುಡಿಯೋ ಅವನದೇ. ಎದುರು ಕೂತವರಿಗೆಲ್ಲ "ಅಲ್ಲಾಡಬೇಡಿ, ಕಣ್ಣು ಮಿಟುಕಬೇಡಿ" ಎಂದು ಹೇಳಿ ಹೇಳಿ ಜನ ಅವನನ್ನೇ ಮಿಟುಕಬೇಡಿ ಎಂದು ಕರೆಯತೊಡಗಿದ್ದರು. ಊರಿನ ಯಾವ ಮನೆಯ ಆಲ್ಬಮ್ಮು ತೆರೆದರೂ ಅವನ ಸ್ಟುಡಿಯೋದ ಸೂರ್ಯಕಾಂತಿ ಹೂವಿನ ಪರದೆ ಕಾಣಿಸುತ್ತಿತ್ತು. ಆದರೆ ಅವನ ಹೆಸರು ಮಾತ್ರ ಒಂದು ಫೋಟೋದ ಕೆಳಗೂ ಇರಲಿಲ್ಲ. ಪಾಸ್‌ಪೋರ್ಟ್ ಸೈಜಿನ ಚಿತ್ರಕ್ಕೆ ಯಾರು ತಾನೇ ಹೆಸರು ಹಾಕುತ್ತಾರೆ? ದಿನಾ ಚಹಾ ಕುಡಿಯುವಾಗ ಆ ಪಾರಿವಾಳ ತನ್ನನ್ನೇ ನೋಡಿ ನಗುತ್ತಿದೆ ಎನ್ನಿಸಿ ಅವನಿಗೆ ಚಹಾ ಕಹಿಯಾಗುತ್ತಿತ್ತು.

"ಅದು ಮಸುಕಾಗಿದೆ ಕಣೇ. ತೆಗೆದುಹಾಕು."

"ಹೆಸರು ಬಂದಿದೆಯಲ್ಲ? ನಿಮ್ಮದೂ ಬರಲಿ, ಆಗ ನಿಮ್ಮದನ್ನೇ ಹಾಕೋಣ. ಮೊಳೆ ಎಲ್ಲಿಗೂ ಓಡಿಹೋಗಲ್ಲ."

ಹೀಗಿರುವಾಗ ಹಲ್ಲಿನ ಡಾಕ್ಟರು ಪಾಸ್‌ಪೋರ್ಟ್ ಫೋಟೋಕ್ಕೆಂದು ಸ್ಟುಡಿಯೋಗೆ ಬಂದರು. ಅವರಿಗೆ ವಾರವೆಲ್ಲ ಜನರ ಬಾಯಿಯೊಳಗೆ ಇಣುಕಿದ್ದು ಸಾಲದೆ, ರಜೆ ಬಂದರೆ ಗುಡ್ಡದ ಗುಹೆಗಳೊಳಗೆ ಇಣುಕುವ ಹುಚ್ಚು. ಗುಹೆ ಹೊಗುವುದರಲ್ಲಿ ಎತ್ತಿದ ಕೈ ಎಂದು ಹೆಸರು. ಪ್ರವಾಸದ ಪತ್ರಿಕೆಯೊಂದು ಮುಖಪುಟಕ್ಕೆ ಗುಹೆಯ ಚಿತ್ರ ಕೇಳಿತ್ತು. ಡಾಕ್ಟರ ಕಾಯಂ ಫೋಟೋಗ್ರಾಫರ್ ಕಾಲು ಉಳುಕಿಸಿಕೊಂಡು ಮಲಗಿದ್ದ.

"ನೀವು ಬರ್ತೀರಾ?"

"ಹೆಸರು ಯಾರದ್ದು ಹಾಕ್ತಾರೆ ಸರ್?" ಗುಹೆ ಎಲ್ಲಿದೆ ಎಂದೂ ಮಿಟುಕಬೇಡಿ ಕೇಳಲಿಲ್ಲ.

"ಒಳಗೆ ಕತ್ತಲು ನೋಡಿ. ಒಬ್ಬರು ಕ್ಯಾಮೆರಾದ ಶಟರ್ ತೆರೆದಿಡ್ತಾರೆ, ಉಳಿದವರು ಅಲ್ಲಿ ಇಲ್ಲಿ ನಿಂತು ಫ್ಲ್ಯಾಶ್ ಹೊಡೀತಾರೆ. ಹಾಗಾಗಿ ಆಮೇಲೆ ಜಗಳ ಬರಬಾರದು ಅಂತ ನಮ್ಮಲ್ಲಿ ಒಂದು ನಿಯಮ. ಯಾರು ಶಟರ್ ತೆರೀತಾರೋ ಚಿತ್ರ ಅವರದ್ದು. ಇದುವರೆಗೂ ಮುರಿದಿಲ್ಲ."

ಮಿಟುಕಬೇಡಿಗೆ ಹಜಾರದ ಮೊಳೆ ಕಣ್ಣ ಮುಂದೆ ಬಂದು ಹೊಳೆಯಿತು.

ಸುದ್ದಿ ಬೀದಿಯ ಕೊನೆ ಮುಟ್ಟಲು ಹೊತ್ತು ಹಿಡಿಯಲಿಲ್ಲ. ಔಷಧಿ ಅಂಗಡಿಯವನು ಬಾವಲಿ ಕಚ್ಚಿದರೆ ಏನಾಗುತ್ತದೆ ಎಂದು ಕೇಳದೆಯೇ ವಿವರಿಸಿದ. ಪಕ್ಕದ ಟೈಲರ್ ಎಲ್ಲದರಲ್ಲೂ ಮೂಗು ತೂರಿಸುವ ಆಸಾಮಿ. ಅವನಿಗೆ ಮಾತಿನಲ್ಲಿ ತೃಪ್ತಿಯಾಗಲಿಲ್ಲ. ಹೊರಡುವ ದಿನ ಬೆಳಗ್ಗೆ ಮಿಟುಕಬೇಡಿಯನ್ನು ತಡೆದು ನಿಲ್ಲಿಸಿ, ಒಂದು ಸುತ್ತು ತಿರುಗಿಸಿದ.

"ಈ ಪ್ಯಾಂಟಲ್ಲಿ ಹೋಗ್ತೀಯಾ? ಗುಹೆ ಅಂದ್ರೆ ಕೂತು ಜಾರಬೇಕು ಅಣ್ಣಾ. ಹಿಂದುಗಡೆ ಉಳಿಯುತ್ತಾ? ಬಿಚ್ಚು, ಗಟ್ಟಿ ಬಟ್ಟೆ ಕೊಟ್ಟು ಹೊಲಿದು ಕೊಡ್ತೀನಿ."

"ಹೊತ್ತಾಗುತ್ತೋ ಮಾರಾಯ."

"ಮಾನ ಮುಖ್ಯವೋ ಹೊತ್ತು ಮುಖ್ಯವೋ?"

ಟವೆಲು ಸುತ್ತಿಕೊಂಡು ಸ್ಟೂಲಿನ ಮೇಲೆ ಕೂತ ಮಿಟುಕಬೇಡಿಗೆ ಹೊಲಿಗೆ ಮೆಷಿನ್ನಿನ ಸದ್ದಷ್ಟೇ ಕೇಳಿತು. ಹೊರಗೆ ಡಾಕ್ಟರ ಜೀಪು ಹಾರ್ನ್ ಬಾರಿಸಿದಾಗ ಗಡಿಬಿಡಿಯಲ್ಲಿ ಪ್ಯಾಂಟು ಏರಿಸಿ ಓಡಿದ. ಹಿಂದೆ ಏನು ಹೊಲಿದಿದ್ದಾನೆಂದು ಯಾರು ನೋಡುತ್ತಾರೆ?

ಜೀಪಿನಲ್ಲಿ ಇನ್ನೊಬ್ಬರಿದ್ದರು, ಶಾಲೆಯ ಡ್ರಿಲ್ ಟೀಚರಮ್ಮ. ಬೆತ್ತದಂತೆ ಸಪೂರ, ಬಾಗಿಲ ಸಂದಿಯಲ್ಲೂ ನುಸುಳಿ ಬರುವಂಥ ಮೈಕಟ್ಟು. ಮಿಟುಕಬೇಡಿಯ ಹೊಟ್ಟೆಯನ್ನು ಒಮ್ಮೆ ನೋಡಿ, ಡಾಕ್ಟರನ್ನು ಒಮ್ಮೆ ನೋಡಿ, ಅವನ ತಲೆಗೆ ದೀಪವಿದ್ದ ಹೆಲ್ಮೆಟ್ ಕೂರಿಸಿದರು. ಹೊಸ ಸೆಲ್ಲುಗಳ ಪೊಟ್ಟಣವನ್ನು ಒದ್ದೆಯಾಗದಿರಲೆಂದು ಅವನ ಅಂಗಿಯ ಜೇಬಿಗೆ ತುರುಕಿದರು.

ಗುಹೆಯ ಬಾಯಿ ದೊಡ್ಡದಾಗಿತ್ತು. ನಾಲ್ಕು ಹೆಜ್ಜೆ ಒಳಗೆ ಹೋದ ಮೇಲೆ ಮಿಟುಕಬೇಡಿಗೆ ಬಲ ಯಾವುದು ಎಡ ಯಾವುದು ಎಂಬುದೇ ಮರೆತುಹೋಯಿತು. ಹತ್ತಿದ್ದು ಇಳಿದಂತೆ, ಇಳಿದದ್ದು ಹತ್ತಿದಂತೆ. ಕೆಸರು ಮೆತ್ತಿದ ಮೇಲೆ ಡಾಕ್ಟರು ಯಾರು, ಟೀಚರು ಯಾರು ಎಂದು ಗೊತ್ತಾಗದೆ, ಡಾಕ್ಟರಿಗೆ "ಮೇಡಂ" ಎಂದೂ, ಒಂದು ಕಲ್ಲುಕಂಬಕ್ಕೆ "ಸರ್, ಸ್ವಲ್ಪ ಸರೀರಿ" ಎಂದೂ ಹೇಳಿದ. ಕಂಬ ಸರಿಯಲಿಲ್ಲ.

ಮೊದಲ ಚಿತ್ರ ಒಂದು ದೊಡ್ಡ ಮಂಟಪದಂಥ ಜಾಗದಲ್ಲಿ. ಅವನು ಟ್ರೈಪಾಡ್ ನಿಲ್ಲಿಸಿ ಕ್ಯಾಮೆರಾ ಕೂರಿಸಿದ.

"ನೆನಪಿಡಿ, ಲೆನ್ಸ್ ಹತ್ತಿರ ಉಸಿರು ಬಿಡಬೇಡಿ" ಎಂದರು ಡಾಕ್ಟರು. "ನಾನು ಕತ್ತಲೆ ಅಂದಾಗ ಎಲ್ಲ ದೀಪ ಆರಿಸಬೇಕು, ನೀವು ಶಟರ್ ತೆರೀಬೇಕು. ಶಟರ್ ತೆರೆದೇ ಇದ್ರೂ ಕತ್ತಲಲ್ಲಿ ಚಿತ್ರಕ್ಕೆ ಏನೂ ಬೀಳಲ್ಲ. ಟೀಚರ್ ಮೂರು ಕಡೆ ನಿಂತು ಮೂರು ಸಲ ಫ್ಲ್ಯಾಶ್ ಹೊಡೆಸ್ಕೋತಾರೆ. ಚಿತ್ರದಲ್ಲಿ ಮೂರು ಜನ ಇದ್ದ ಹಾಗೆ ಕಾಣುತ್ತೆ."

"ಮೂರೂ ಅವರೇನಾ?"

"ಅವರೇ."

"ಮತ್ತೆ ಉಳಿದಿಬ್ಬರು ಎಲ್ಲಿ ಹೋಗ್ತಾರೆ?"

ಡಾಕ್ಟರು ಹಲ್ಲು ಕೀಳುವ ಮುಂಚೆ ರೋಗಿಯನ್ನು ನೋಡುವಂತೆ ಅವನನ್ನು ನೋಡಿ, "ಕತ್ತಲೆ!" ಎಂದು ಕೂಗಿದರು.

ಅದು ಅಂತಿಂಥ ಕತ್ತಲೆಯಲ್ಲ. ಕಣ್ಣು ತೆರೆದಿದೆಯೋ ಮುಚ್ಚಿದೆಯೋ ಎಂದು ಮಿಟುಕಬೇಡಿ ಬೆರಳಿನಿಂದ ಮುಟ್ಟಿ ನೋಡಿಕೊಂಡ. ಶಟರಿನ ವೈರು ಒತ್ತಿ, ಯಾರಾದರೂ ಬಂದು ತನ್ನ ಶಟರ್ ಮುಟ್ಟಿಬಿಟ್ಟಾರೆಂದು ಕ್ಯಾಮೆರಾವನ್ನು ತಬ್ಬಿಕೊಂಡು, ಲೆನ್ಸಿನ ಪಕ್ಕಕ್ಕೇ ಮೂಗು ಚಾಚಿ ನಿಂತ. ಎಡಗಡೆ ಫಳ್ ಎಂದಿತು. ಬಲಗಡೆ ಫಳ್ ಎಂದಿತು. ಅಭ್ಯಾಸಬಲ ಬಿಡುತ್ತದೆಯೇ? "ಗದ್ದ ಸ್ವಲ್ಪ ಕೆಳಗೆ, ಎರಡೂ ಕಿವಿ ಕಾಣಬೇಕು" ಎಂದುಬಿಟ್ಟ. ಹೆಲ್ಮೆಟ್ಟಿನೊಳಗಿದ್ದ ಟೀಚರ ಕಿವಿ ಯಾರಿಗೂ ಕಾಣುವಂತಿರಲಿಲ್ಲ.

ಹೀಗೆ ಮಧ್ಯಾಹ್ನದವರೆಗೆ ಕತ್ತಲೆ, ಬೆಳಕು, ಕತ್ತಲೆ, ಬೆಳಕು. ಚಿತ್ರ ಹೇಗೆ ಬಂತೆಂದು ಅಲ್ಲೇ ನೋಡೋಣವೆಂದರೆ ಅವನ ಕ್ಯಾಮೆರಾದ ಹಿಂದಿನ ಪುಟ್ಟ ಪರದೆ ಕೆಟ್ಟು ಯಾವ ಕಾಲವಾಗಿತ್ತೋ. ಸ್ಟುಡಿಯೋದಲ್ಲಿ ಕಂಪ್ಯೂಟರಿಗೆ ಹಾಕಿ ನೋಡುವ ಅಭ್ಯಾಸದಲ್ಲಿ ರಿಪೇರಿಯ ಗೋಜಿಗೆ ಹೋಗಿರಲಿಲ್ಲ.

ಕೊನೆಗೆ ಬಂದದ್ದು ಕಿಂಡಿ. ಮೊಣಕಾಲೆತ್ತರದ ಗುಂಡನೆಯ ತೂತು, ಸುತ್ತಲೂ ನೀರು ತೊಟ್ಟಿಕ್ಕಿ ಬೆಳೆದ ಬಿಳಿಯ ಸುಣ್ಣದ ಕೋಡುಗಳು. ಡಾಕ್ಟರ ಕಣ್ಣು ಅರಳಿತು.

"ಮುಖಪುಟ ಇಲ್ಲೇ ಇದೆ. ಟೀಚರ್ ಆ ಕಡೆ ಹೋಗಿ ಹಿಂದಿನಿಂದ ಫ್ಲ್ಯಾಶ್ ಹೊಡೀಲಿ, ಕಿಂಡಿಯ ಅಂಚೆಲ್ಲ ಹೊಳೀಬೇಕು."

ಟೀಚರು ಸೂಜಿಯೊಳಗೆ ದಾರ ಹೋದಂತೆ ಕಿಂಡಿಯಾಚೆ ಹೋದರು. ಡಾಕ್ಟರು ಕತ್ತಲೆ ಎಂದರು. ಮಿಟುಕಬೇಡಿ ವೈರು ಒತ್ತಿದ. ಎಲ್ಲರೂ ಕಾದರು. ಏನೂ ಹೊಳೆಯಲಿಲ್ಲ.

"ಫ್ಲ್ಯಾಶ್ ಹೊಡೀತಿಲ್ಲ ಸರ್!" ಕಿಂಡಿಯಾಚೆಯಿಂದ ದನಿ ಬಂತು. "ಸೆಲ್ ಹೋಗಿದೆ."

"ಶಟರ್ ಮುಚ್ಚಿ. ಸೆಲ್ ಕೊಡಿ, ನಾನು ಕೊಟ್ಟು ಬರ್ತೀನಿ. ಮತ್ತೆ ತೆರೆದರಾಯ್ತು."

ಮಿಟುಕಬೇಡಿ ವೈರನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡ. ಮುಚ್ಚಿದರೆ ಮತ್ತೆ ತೆರೆಯುವವರು ಯಾರು? ಈ ಕತ್ತಲಲ್ಲಿ ಡಾಕ್ಟರೇ ಒತ್ತಿಬಿಟ್ಟರೆ? ಮುಖಪುಟ ಅವರ ಹೆಸರಿಗೆ, ಮೊಳೆ ಪಾರಿವಾಳಕ್ಕೆ!

"ಬೇಡ ಸರ್. ತೆರೆದದ್ದು ತೆರೆದೇ ಇರಲಿ, ಕತ್ತಲಲ್ಲಿ ಏನೂ ಬೀಳಲ್ಲ ಅಂತ ನೀವೇ ಹೇಳಿದ್ರಲ್ಲ. ದೀಪ ಹಾಕಬೇಡಿ. ನಾನೇ ತೆವಳಿಕೊಂಡು ಹೋಗಿ ಕೊಟ್ಟು ಬರ್ತೀನಿ."

"ನೀವು ಅದರಲ್ಲಿ ಹಿಡಿಸಲ್ಲ ರೀ..."

ಅಷ್ಟರಲ್ಲಿ ಮಿಟುಕಬೇಡಿ ನೆಲಕ್ಕೆ ಬಿದ್ದಾಗಿತ್ತು. ಶಟರಿನ ವೈರನ್ನು ಲಾಕ್ ಮಾಡಿಟ್ಟು, ತಡವುತ್ತ ತಡವುತ್ತ ಕಿಂಡಿಗೆ ತಲೆ ಹಾಕಿದ. ತಲೆ ಹೋಯಿತು. ಭುಜ ಹೋಯಿತು. ಹೊಟ್ಟೆ ಸ್ವಲ್ಪ ಯೋಚಿಸಿ ಅರ್ಧ ಹೋಯಿತು. ಆಮೇಲೆ ಅತ್ತ ದರಿ ಇತ್ತ ಪುಲಿ ಎಂಬ ಸ್ಥಿತಿ. ಕೈ ಚಾಚಿ ಸೆಲ್ಲನ್ನಂತೂ ದಾಟಿಸಿದ. ತಾನು ಮಾತ್ರ ದಾಟಲಿಲ್ಲ.

"ಸರ್, ಸಿಕ್ಕಿಬಿದ್ದೆ!"

"ಉಸಿರು ಪೂರ್ತಿ ಹೊರಗೆ ಬಿಡಿ" ಎಂದರು ಡಾಕ್ಟರು ಹಿಂದಿನಿಂದ.

"ಬಿಟ್ಟರೆ ಮತ್ತೆ ಎಲ್ಲಿಂದ ತರಲಿ ಸರ್?"

"ಅಲ್ಲಾಡಬೇಡಿ!" ಎಂದರು ಟೀಚರು ಮುಂದಿನಿಂದ. "ಸುಣ್ಣದ ಕೋಡು ಮುರಿಯುತ್ತೆ. ಸಾವಿರಾರು ವರ್ಷ ಹಿಡಿದಿದೆ ಅದು ಬೆಳೆಯೋಕೆ."

ಜನ್ಮವೆಲ್ಲ ಊರಿಗೆ ಹೇಳಿದ ಮಾತನ್ನು ಅವನಿಗೆ ಬೇರೆಯವರು ಹೇಳುತ್ತಿದ್ದರು. ಅವನು ಅಲ್ಲಾಡಲಿಲ್ಲ. ಅಲ್ಲಾಡಲು ಜಾಗವೂ ಇರಲಿಲ್ಲ. ಮುಂದೆ ಯಾರಿದ್ದಾರೆ, ಹಿಂದೆ ಯಾರಿದ್ದಾರೆ, ತನ್ನ ಕಾಲು ಯಾವ ದಿಕ್ಕಿಗಿದೆ, ಒಂದೂ ತಿಳಿಯದೆ ಕಕ್ಕಾಬಿಕ್ಕಿಯಾಗಿ ಕತ್ತಲಲ್ಲಿ ಕಣ್ಣು ಕಣ್ಣು ಬಿಟ್ಟ. ಟೀಚರು ಸೆಲ್ ಹಾಕಿ ಒಮ್ಮೆ ಒತ್ತಿ ನೋಡಿದರು: ಮುಂದಿನಿಂದ ಫಳ್! ಏನಾಗಿದೆಯೆಂದು ನೋಡಲು ಡಾಕ್ಟರೂ ತಮ್ಮ ಫ್ಲ್ಯಾಶ್ ಒತ್ತಿದರು: ಹಿಂದಿನಿಂದ ಫಳ್! ಆಮೇಲೆ ಹಳೆಯ ಅಭ್ಯಾಸದಂತೆ ಲೆನ್ಸಿಗೆ ಬೆಳಕು ಬೀಳದಂತೆ ತಮ್ಮ ಹೆಲ್ಮೆಟ್ ಕಳಚಿ ಮುಚ್ಚಿಟ್ಟು, ಕೈದೀಪ ಹಾಕಿದರು.

ಟೀಚರು ಆಚೆಯಿಂದ "ಒಂದು, ಎರಡು, ಒಂದು, ಎರಡು" ಎಂದು ಡ್ರಿಲ್ಲಿನ ಲೆಕ್ಕದಲ್ಲಿ ಅವನ ಹೆಲ್ಮೆಟ್ಟನ್ನು ನೂಕಿದರು. ಡಾಕ್ಟರು ಈಚೆಯಿಂದ ದವಡೆ ಹಲ್ಲು ಕೀಳುವ ಪಟ್ಟು ಹಾಕಿ ಕಾಲು ಎಳೆದರು. ಕೊನೆಗೊಮ್ಮೆ ಪಟ್ಟನೆ ಹೊರಬಂದ ಮಿಟುಕಬೇಡಿ ಮೊದಲು ಕೇಳಿದ್ದು ಒಂದೇ ಪ್ರಶ್ನೆ.

"ಶಟರ್ ಯಾರೂ ಮುಟ್ಟಿಲ್ಲ ತಾನೇ?"

"ಯಾರೂ ಮುಟ್ಟಿಲ್ಲ. ಆದ್ರೆ ಈ ಚಿತ್ರ ಹೋಯ್ತು ಬಿಡಿ. ಬೆಳಗ್ಗೆಯಿಂದ ತೆಗೆದಿರೋದರಲ್ಲೇ ಒಳ್ಳೇದನ್ನ ಆರಿಸಿ ಕಳಿಸ್ತೀನಿ." ಡಾಕ್ಟರು ಮೆಮೊರಿ ಕಾರ್ಡು ತೆಗೆದುಕೊಂಡರು.

ಆ ತಿಂಗಳು ಮಿಟುಕಬೇಡಿ ನೆಲದ ಮೇಲೆ ನಡೆಯಲಿಲ್ಲ. ಮಂಟಪದ ಚಿತ್ರ, ಮೂರು ಮೂರು ಟೀಚರು, ಕೆಳಗೆ ತನ್ನ ಹೆಸರು. ಭಾವಮೈದನಿಗೆ ಫೋನ್ ಮಾಡಿ, "ನಿನ್ನ ಹಕ್ಕೀನ ತಗೊಂಡು ಹೋಗೋಕೆ ಒಂದು ಚೀಲ ತಾ" ಎಂದೂ ಹೇಳಿಟ್ಟ.

ಒಂದು ಬೆಳಗ್ಗೆ ಟೈಲರ್ ಪತ್ರಿಕೆ ಬೀಸುತ್ತ ಓಡಿಬಂದ. ಹಿಂದೆಯೇ ಔಷಧಿ ಅಂಗಡಿಯವನು, ಅವನ ಹಿಂದೆ ಅರ್ಧ ಬೀದಿ.

"ಅಣ್ಣಾ! ನನ್ನ ಹೊಲಿಗೆ ಮುಖಪುಟದಲ್ಲಿ ಬಂದಿದೆ!"

"ನಿನ್ನ ಹೊಲಿಗೆ ಯಾಕೆ ಬರುತ್ತೋ?" ಎನ್ನುತ್ತ ಮಿಟುಕಬೇಡಿ ಪತ್ರಿಕೆ ಕಸಿದುಕೊಂಡ.

ಮುಖಪುಟದಲ್ಲಿ ಮುಖವೇ ಇರಲಿಲ್ಲ. ಬೆಳಕಿನ ಬಳೆ ತೊಟ್ಟಂತೆ ಹೊಳೆಯುವ ಸುಣ್ಣದ ಕಿಂಡಿ. ಅದರ ನಟ್ಟನಡುವೆ, ಕಿಂಡಿಯನ್ನು ಬಿರಡೆಯಂತೆ ಮುಚ್ಚಿಕೊಂಡು, ಒಂದು ದೊಡ್ಡ ಪ್ಯಾಂಟಿನ ಹಿಂಭಾಗ. ಅದರ ಮೇಲೆ ಟೈಲರ್ ಕೊಟ್ಟ ಗಟ್ಟಿ ತೇಪೆ. ಸ್ಟುಡಿಯೋದ ಪರದೆ ಹೊಲಿದಾಗ ಮಿಕ್ಕಿದ್ದ ಬಟ್ಟೆ ಅದು. ಊರಿನ ಪ್ರತಿಯೊಬ್ಬರೂ ಒಂದಲ್ಲ ಒಂದು ಸಲ ಎದುರು ಕೂತು ಫೋಟೋ ತೆಗೆಸಿಕೊಂಡ ಆ ಸೂರ್ಯಕಾಂತಿ ಹೂಗಳನ್ನು ಯಾರಿಗೂ ಪರಿಚಯ ಮಾಡಿಕೊಡಬೇಕಾಗಿರಲಿಲ್ಲ. ಅದರ ಕೆಳಗೆ, ದಪ್ಪ ಅಕ್ಷರದಲ್ಲಿ, ಊರಿನ ಸಮೇತ ಅವನ ಪೂರ್ತಿ ಹೆಸರು.

ಅವನು ನಿಂತಲ್ಲಿಂದಲೇ ಡಾಕ್ಟರಿಗೆ ಫೋನ್ ಮಾಡಿದ.

"ಏನ್ ಮಾಡಲಿ ಹೇಳಿ? ಉಳಿದ ಅಷ್ಟೂ ಚಿತ್ರ ಮಂಜು ಮಂಜು. ಲೆನ್ಸಿಗೆ ಮೂಗಿಟ್ಟು ಉಸಿರು ಬಿಟ್ಟಿದ್ದೀರಿ. ನೀವು ಕಿಂಡಿಗೆ ಹೋದ ಮೇಲೆ ತಾನೇ ಲೆನ್ಸ್ ಆರಿದ್ದು? ಬೆಳಕು ಎರಡೂ ಕಡೆಯಿಂದ ಎಷ್ಟು ಚೆನ್ನಾಗಿ ಬಿದ್ದಿದೆ ನೋಡಿ. ಸಂಪಾದಕರು ಕುಣಿದಾಡಿಬಿಟ್ರು. ಮುಂದಿನ ಗುಹೆಗೂ ಇವರನ್ನೇ ಕಳಿಸಿ ಅಂದಿದ್ದಾರೆ."

"ಹೆಸರಾದ್ರೂ ನಿಮ್ಮದು ಹಾಕಿಸಬಹುದಿತ್ತಲ್ಲ ಸರ್!"

"ಛೆ ಛೆ, ಅದು ಹೇಗಾಗುತ್ತೆ? ಶಟರ್ ತೆರೆದವರು ನೀವು. ನಿಯಮ ನಿಯಮವೇ."

ಮಿಟುಕಬೇಡಿ ಪೆಚ್ಚುಮೋರೆ ಹಾಕಿಕೊಂಡು, ಬೀದಿಯ ಕಡೆಗೆ ಬೆನ್ನು ತಿರುಗಿಸಲೂ ಧೈರ್ಯವಿಲ್ಲದೆ, ಅಡ್ಡಡ್ಡ ಹೆಜ್ಜೆಯಿಡುತ್ತ ಮನೆ ಸೇರಿದ. ಹಜಾರದಲ್ಲಿ ಹೆಂಡತಿ ಸ್ಟೂಲಿನ ಮೇಲೆ ನಿಂತಿದ್ದಳು. ಟೈಲರನ ಕೃಪೆಯಿಂದ ಪತ್ರಿಕೆ ಅವಳಿಗೂ ತಲುಪಿತ್ತು. ಪಾರಿವಾಳ ನೆಲದ ಮೇಲಿತ್ತು. ಅದರ ಕಟ್ಟಿನೊಳಗೆ ಸೂರ್ಯಕಾಂತಿ ಅರಳಿತ್ತು.

"ಕೊಟ್ಟ ಮಾತಿಗೆ ತಪ್ಪಲ್ಲ ನಾನು" ಎಂದಳು ಅವಳು. "ಹೆಸರು ಬಂತು, ಹಾಕಿದ್ದೀನಿ."

"ಬೇಡ ಕಣೇ, ಕೈ ಮುಗೀತೀನಿ. ಆ ಪಾರಿವಾಳವನ್ನೇ ಹಾಕು. ಎಷ್ಟು ಲಕ್ಷಣವಾಗಿತ್ತು!"

"ಮಸುಕು ಅಂತ ನೀವೇ ಅಲ್ವಾ ದಿನಾ ಹೇಳ್ತಿದ್ದದ್ದು? ಇದು ನೋಡಿ, ಒಂದೊಂದು ಹೊಲಿಗೆಯೂ ಎಣಿಸೋ ಹಾಗೆ ಬಂದಿದೆ."

ಅಷ್ಟು ಹೊತ್ತಿಗೆ ಬಾಗಿಲಲ್ಲಿ ಚೀಲ ಹಿಡಿದುಕೊಂಡು ಭಾವಮೈದ ಕಾಣಿಸಿಕೊಂಡ. ಚಪ್ಪಲಿ ಬಿಟ್ಟು, ಒಳಗೆ ಬಂದು, ಗೋಡೆಯ ಮುಂದೆ ಕೈಕಟ್ಟಿ ನಿಂತು ಬಹಳ ಹೊತ್ತು ನೋಡಿದ. ಆಮೇಲೆ ಬಹಳ ಕಾಳಜಿಯಿಂದ ತಿರುಗಿ ಕೇಳಿದ:

"ಭಾವ, ಫೋಟೋ ಚೆನ್ನಾಗಿ ಬಂದಿದೆ. ತೆಗೆಯುವಾಗ ಕಣ್ಣು ಮಿಟುಕಲಿಲ್ಲ ತಾನೇ?"