ಸೋಲೊ ನಡುವಿನ ಆ ಒಂದು ಸ್ವರ

ಮನುಷ್ಯ ತನ್ನ ಕಿವಿಯ ಮೇಲೆ ಇಡುವಷ್ಟು ನಂಬಿಕೆಯನ್ನು ಬೇರೆ ಯಾವ ಅಂಗದ ಮೇಲೂ ಇಡುವುದಿಲ್ಲ. ಕಣ್ಣು ಮಂಜಾದರೆ ಕನ್ನಡಕ ಹಾಕಿಕೊಳ್ಳುತ್ತಾನೆ, ಮಂಡಿನೋವನ್ನು ಊರಿಗೆಲ್ಲ ಸಾರುತ್ತಾನೆ. ಕಿವಿಯ ಮಾತು ಬಂದರೆ ಮಾತ್ರ ತಪ್ಪೆಲ್ಲ ಎದುರಿನವರದು. ಹೋದ ತಿಂಗಳಿನ ಒಂದು ಬುಧವಾರದವರೆಗೆ ನಾನೂ ಹಾಗೇ ಇದ್ದೆ.

ಕೊಲ್ಕತ್ತಾದ ಬಾರಾನಗರದ ನಮ್ಮ ಗಲ್ಲಿಯ ಚಹಾ ಅಂಗಡಿಯಲ್ಲಿ ಭಾನುವಾರ ಬೆಳಗ್ಗೆ ಅಡ್ಡಾ, ಅಂದರೆ ಹರಟೆಕೂಟ, ಸೇರುತ್ತದೆ. ಬೇರೆ ಊರುಗಳಲ್ಲಿ ಐವತ್ತು ದಾಟಿದವರು ರಕ್ತದೊತ್ತಡದ ಬಗ್ಗೆ ಮಾತಾಡುತ್ತಾರೆ, ಕೊಲ್ಕತ್ತಾದವರು ಗಿಟಾರ್ ಸೋಲೊಗಳ ಬಗ್ಗೆ. ಯಾವ ಹಾಡಿನಲ್ಲಿ ಗಾಯಕ ಸುಮ್ಮನಾಗಿ ಗಿಟಾರ್ ಒಂಟಿಯಾಗಿ ಹೊರಡುತ್ತದೆ, ಎಲ್ಲಿ ಅಳುತ್ತದೆ ಎಂಬುದಕ್ಕೆ ಜಗಳವಾಡಿ ಮಾತು ಬಿಟ್ಟವರಿದ್ದಾರೆ. ಮೈಸೂರಿನಿಂದ ಬಂದ ನನಗೆ ಅಲ್ಲಿ ಮರ್ಯಾದೆ ಸಿಕ್ಕಿದ್ದು ಒಂದೇ ಒಂದು ಸ್ವರದಿಂದ. ನನ್ನ ಹಳೆಯ ಕ್ಯಾಸೆಟ್ಟಿನ ಸೋಲೊದಲ್ಲಿ ಗಿಟಾರ್ ಏರಿ ಏರಿ, ಒಂದು ಕ್ಷಣ ಪೂರ್ತಿ ನಿಲ್ಲುತ್ತದೆ. ಆ ಮೌನದಲ್ಲಿ ಸಣ್ಣ ಗಂಟೆಯಂತೆ 'ಟಿಣ್' ಎಂಬ ಒಂದು ಸ್ವರ. ಆಮೇಲೆ ಇಳಿಯುತ್ತದೆ. "ಆ ಜಾಗದಲ್ಲಿ ಆ ಸ್ವರ ಇಡೋಕೆ ಎದೆಗಾರಿಕೆ ಬೇಕು" ಎಂದು ಹನ್ನೊಂದು ವರ್ಷ ಹೇಳಿದ್ದೇನೆ. ಅಡ್ಡಾದ ಹಿರಿಯ ಸುಬೀರ್‌ದಾ ತಾವೂ ಅದನ್ನು ಕೇಳಿದ್ದಾಗಿ ಆಣೆ ಮಾಡಿದ್ದರು. ಹೋದ ತಿಂಗಳು ಒಂದು ದಿನ, ಮುಂದಿನ ಭಾನುವಾರ ಎಲ್ಲರೂ ತಮ್ಮ ಮೆಚ್ಚಿನ ಸೋಲೊವನ್ನು ಗಲ್ಲಿಯ ಕ್ಲಬ್ಬಿನ ಸ್ಪೀಕರಿನಲ್ಲಿ ಕೇಳಿಸಬೇಕೆಂದು ತೀರ್ಮಾನವಾಯಿತು.

ಆ ಬುಧವಾರ ಮಗಳು ಹಾಡನ್ನು ಫೋನಿನಲ್ಲಿ ಹುಡುಕಿ ಕೊಟ್ಟಳು. ಗಿಟಾರ್ ಏರಿತು, ನಿಂತಿತು, ಇಳಿಯಿತು.

"ಅಪ್ಪಾ, ನಿಮ್ಮ ಟಿಣ್ ಇಲ್ವೇ ಇಲ್ಲ."

ಹದಿನೇಳು ಸಲ ಕೇಳಿದೆ. ಬಾಲ್ಕನಿಯಿಂದ ಅಡುಗೆಮನೆಗೂ ಅಡುಗೆಮನೆಯಿಂದ ಬಾಲ್ಕನಿಗೂ ನಡೆದೆ. ಕುಳಿತರೆ ಎದ್ದೆ, ಎದ್ದರೆ ಮತ್ತೆ ಕೇಳಿದೆ. ಕೊನೆಗೆ, "ಹಳೇ ರೆಕಾರ್ಡಿಂಗ್ ಶುದ್ಧ ಮಾಡೋವಾಗ ಸ್ವರಾನೂ ತೊಳೆದುಬಿಟ್ಟಿದ್ದಾರೆ" ಎಂದೆ.

"ಯಾರೂ ತೊಳೆದಿಲ್ಲ ರೀ," ಎಂದಳು ಹೆಂಡತಿ ವನಜ, ಹುರುಳಿಕಾಯಿ ಮುರಿಯುತ್ತಲೇ. "ಅದು ನನ್ನ ಕಾಫಿ ಲೋಟದ ಮುಚ್ಚಳ."

ಮದುವೆಯಾದ ಹೊಸತರಲ್ಲಿ ನಾನು ಎರಡು ಟೇಪ್‌ರೆಕಾರ್ಡರುಗಳನ್ನು ಎದುರುಬದುರು ಇಟ್ಟು, ಫ್ಯಾನ್ ಆರಿಸಿ, ಅವಳನ್ನು ಉಸಿರು ಬಿಗಿಹಿಡಿದು ಕೂರಿಸಿ, ಗೆಳೆಯನ ಕ್ಯಾಸೆಟ್ಟಿನಿಂದ ಆ ಹಾಡು ಇಳಿಸಿಕೊಂಡದ್ದು ನಿಜ.

"ಮುಚ್ಚಳ ಬಿತ್ತು. ಬೈತೀರಿ ಅಂತ ಜೀವ ಹೋಯ್ತು. ಹಾಡು ಮುಗಿದ ಮೇಲೆ ನೀವು ಮುಚ್ಚಿದ್ದ ಕಣ್ಣು ಬಿಟ್ಟು, ಆಹಾ, ಏನು ಸ್ವರ ಅಂದ್ರಿ."

"ಆಮೇಲಾದ್ರೂ ಹೇಳಬಾರದಿತ್ತಾ?"

"ಯಾಕೆ ಹೇಳ್ಲಿ? ನಾನು ಮಾಡಿದ ಯಾವ ಅಡುಗೇನೂ ನೀವು ಅಷ್ಟು ಹೊಗಳಿರ್ಲಿಲ್ಲ."

ಭಾನುವಾರ ಬೆವರುತ್ತ ಕ್ಯಾಸೆಟ್ಟನ್ನೇ ಹಾಕಿದೆ. 'ಟಿಣ್' ಬಂದಾಗ ಎಂಟು ತಲೆಗಳು ಒಟ್ಟಿಗೆ ತೂಗಿದವು. ಅಲ್ಲಿಗೇ ಬಿಡಬಹುದಿತ್ತು. ಆದರೆ ಸುಬೀರ್‌ದಾ ಕಣ್ಣೊರೆಸಿಕೊಂಡರು. ನನಗೆ ತಡೆಯಲಾಗಲಿಲ್ಲ, ಎಲ್ಲ ಹೇಳಿಬಿಟ್ಟೆ. ಸುಬೀರ್‌ದಾ ಚಹಾದ ಕುಡಿಕೆಯನ್ನು ಮೆಲ್ಲನೆ ಕೆಳಗಿಟ್ಟರು.

"ಅಂದರೆ ಹನ್ನೊಂದು ವರ್ಷ ಕಲಾವಿದೆಯನ್ನು ಮನೆಯಲ್ಲಿ ಬಿಟ್ಟು ನೀವೊಬ್ಬರೇ ಬಂದಿರಾ, ರಾವ್‌ದಾ? ಹೋಗಿ, ಬೌದಿಯನ್ನು ಕರೆದುಕೊಂಡು ಬನ್ನಿ!" ದಾ ಎಂದರೆ ಅಣ್ಣ, ಬೌದಿ ಎಂದರೆ ಅತ್ತಿಗೆ.

ಈಗ ಅಡ್ಡಾದಲ್ಲಿ ಬೆನ್ನು ಒರಗಿಸಬಹುದಾದ ಒಂದೇ ಕುರ್ಚಿ ವನಜಳದು. "ಇದು ಉದ್ದ ಆಯ್ತು" ಎಂದು ಅವಳು ಹೇಳಿದ ಸೋಲೊ ಪಟ್ಟಿಯಿಂದ ಹೊರಗೆ. ಚಹಾ ತಂದುಕೊಡುವುದು ನಾನು. ಮನೆಯಲ್ಲಿ ಯಾರೂ ಇಲ್ಲದಾಗ ಆ ಮುಚ್ಚಳವನ್ನು ತೆಗೆದು, ಬೇರೆ ಬೇರೆ ಎತ್ತರದಿಂದ ಬೀಳಿಸಿ ನೋಡುತ್ತಿದ್ದೇನೆ. ಇಲ್ಲಿಯವರೆಗೆ ಬಂದಿರುವುದು ಬರೀ ಸದ್ದು.